ನಾಳದೊಳಗಿನ ಎರಕ: ಮೂತ್ರದ ಕಾಸ್ಟ್‌ಗಳ ಚರಿತ್ರೆ ಮತ್ತು ಬಯಲುಸೀಮೆಯ ನಾಲ್ಕು ತಾಲ್ಲೂಕುಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮೂತ್ರಪಿಂಡದ ಮಾತೆದ್ದರೆ ಕೊಳವೆಬಾವಿಯ ಫ್ಲೋರೈಡ್ ಮಾತೂ ಏಳುತ್ತದೆ. ಗ್ರಾನೈಟ್ ಶಿಲೆಯ ಖನಿಜಗಳಿಂದ ಕರಗಿ ಬರುವ ಫ್ಲೋರೈಡ್ ಈ ಭಾಗದ ಹಲವು ಬಾವಿಗಳಲ್ಲಿ ಲೀಟರಿಗೆ 1.5 ಮಿ.ಗ್ರಾಂ ಮಿತಿಯನ್ನು ದಾಟಿರುವುದರಿಂದ ಈ ಶಂಕೆ ನಿರಾಧಾರವಲ್ಲ. ಆದರೆ ಮೂತ್ರಪರೀಕ್ಷೆಯ ವರದಿಯಲ್ಲಿ ‘ಕಾಸ್ಟ್’ ಎಂದು ಕಂಡೊಡನೆ ಅದನ್ನು ಫ್ಲೋರೈಡ್ ವಿಷದ ಸಾಕ್ಷಿ ಮಾಡುವುದು ಸಲ್ಲದು. ಕಾಸ್ಟ್ ಎಂದರೆ ಮೂತ್ರಪಿಂಡದ ಸಣ್ಣ ನಾಳಗಳೊಳಗೆ ಹೆಪ್ಪುಗಟ್ಟಿ, ಅವುಗಳ ಆಕಾರವನ್ನೇ ತಳೆದು ಹೊರಬರುವ ಎರಕ. ಅದು ಇದೆಯೇ ಎಂಬುದಕ್ಕಿಂತ ಅದರೊಳಗೆ ಏನು ಸಿಕ್ಕಿಕೊಂಡಿದೆ ಎಂಬುದೇ ಮುಖ್ಯವೆನ್ನುವುದಕ್ಕೆ ಅದರ ಚರಿತ್ರೆಯೇ ಆಧಾರ.

ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲಿ ಮೈಬಾವು, ಕಾಯಿಸಿದರೆ ಹೆಪ್ಪಾಗುವ ಮೂತ್ರ ಮತ್ತು ಕೆಟ್ಟ ಮೂತ್ರಪಿಂಡ, ಈ ಮೂರನ್ನೂ ಒಂದೇ ರೋಗದ ಎಳೆಯಲ್ಲಿ ಕಟ್ಟಿದರು. 1840ರ ದಶಕದಲ್ಲಿ ಜರ್ಮನಿಯ ಯಾಕೋಬ್ ಹೆನ್ಲೆ ಇಂಥ ರೋಗಿಗಳಲ್ಲಿ ಕಂಡ ಉರುಳೆಯಾಕಾರದ ಕಣಗಳನ್ನು, ಅಂದರೆ ಕಾಸ್ಟ್‌ಗಳನ್ನು, ವರ್ಣಿಸಿದರು. ರಕ್ತದಿಂದ ಸೋರಿದ ಪ್ರೋಟೀನೇ ಹೆಪ್ಪಾಗಿ ಹೀಗಾಗುತ್ತದೆ ಎಂಬ ಊಹೆ ಆಗ ಸಹಜವಾಗಿತ್ತು. 1920ರ ದಶಕದಲ್ಲಿ ಥಾಮಸ್ ಆಡಿಸ್ ಹನ್ನೆರಡು ಗಂಟೆಯ ಮೂತ್ರ ಸಂಗ್ರಹಿಸಿ ಎಣಿಸಿದಾಗ ಆರೋಗ್ಯವಂತರಲ್ಲೂ ಕೆಲವು ಕಾಸ್ಟ್‌ಗಳು ಸಿಕ್ಕವು. ರೋಗವಿಲ್ಲದೆಯೂ ಎರಕ ಆಗುವುದಾದರೆ ಅದರ ದ್ರವ್ಯ ಬೇರೆ ಎಲ್ಲಿಂದಲೋ ಬರಬೇಕು. ಉತ್ತರ ಸಿಕ್ಕಿದ್ದು ವೈರಸ್ ಸಂಶೋಧನೆಯಲ್ಲಿ. ವೈರಸ್ ಸಂಶೋಧಕರಾದ ಇಗೋರ್ ಟ್ಯಾಮ್ ಮತ್ತು ಫ್ರಾಂಕ್ ಹಾರ್ಸ್‌ಫಾಲ್ 1950ರಲ್ಲಿ ಮೂತ್ರದಿಂದ ಬೇರ್ಪಡಿಸಿದ ಪ್ರೋಟೀನೇ ಕಾಸ್ಟ್‌ನ ಮೂಲದ್ರವ್ಯವೆಂದು 1960ರ ದಶಕದ ಪ್ರತಿಕಾಯ ಪರೀಕ್ಷೆಗಳು ತೋರಿಸಿದವು. ಯೂರೋಮೋಡ್ಯುಲಿನ್ ಎಂದು ಈಗ ಕರೆಯುವ ಅದು ರಕ್ತದ್ದಲ್ಲ, ಮೂತ್ರಪಿಂಡದ ನಾಳದಲ್ಲಿ ಹೆನ್ಲೆಯ ಹೆಸರನ್ನೇ ಹೊತ್ತ ಕುಣಿಕೆಯ ಮೇಲೇರುವ ದಪ್ಪ ಭಾಗ ಸ್ರವಿಸುವಂಥದು.

ಮುಂದಿನ ನಾಳಗಳಲ್ಲಿ ನೀರು ಹೀರಲ್ಪಟ್ಟು ಲವಣ, ಆಮ್ಲೀಯತೆ ಹೆಚ್ಚಿ ಹರಿವು ನಿಧಾನವಾದಾಗ ಈ ಪ್ರೋಟೀನಿನ ತಂತುಗಳು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಶೇಂಗಾ ಹೊಲದಲ್ಲಿ ಇಡೀ ಹಗಲು ದುಡಿದು ನೀರು ಸಾಲದ ಕೂಲಿಕಾರರ ಮೂತ್ರ ಹೀಗೆ ಸಾಂದ್ರವಾಗುತ್ತದೆ. ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಬೆಳಕನ್ನು ಇಳಿಸಿದರೆ ಮಾತ್ರ ನೀರಿನಂತೆ ಪಾರದರ್ಶಕವಾದ ಹಯಲಿನ್ ಕಾಸ್ಟ್ ಕಣ್ಣಿಗೆ ಬೀಳುತ್ತದೆ. ಬೆಳಕು ಜೋರಾದರೆ ಮಾಯ.

ಹಾಗಾದರೆ ಕಾಸ್ಟ್ ನೋಡಿ ಪ್ರಯೋಜನವೇನು ಎಂದು ಕೇಳಬಹುದು. ಎರಕದಲ್ಲಿ ಕೆಂಪು ರಕ್ತಕಣ ಹುದುಗಿದ್ದರೆ ರಕ್ತ ಮೂತ್ರಪಿಂಡದೊಳಗಿನದೇ, ಮೂತ್ರಕೋಶದ್ದಲ್ಲ; ಕಂದು ಬಣ್ಣದ ಒರಟು, ಕಣಕಣವಾದ ಕಾಸ್ಟ್‌ಗಳು ನಾಳದ ಕೋಶಗಳು ಸಾಯುತ್ತಿರುವ ಸುಳಿವು; ಅಗಲವಾದ ಮೇಣದಂಥವು ಹಳೆಯ ರೋಗದ ಗುರುತು. ಫ್ಲೋರೈಡ್ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕವೇ ತಾನೆ ಎಂಬ ಆಕ್ಷೇಪವೂ ತೂಕದ್ದೇ. ದುರ್ಬಲ ಮೂತ್ರಪಿಂಡ ಅದನ್ನು ದೇಹದಲ್ಲೇ ಉಳಿಸಿಕೊಳ್ಳುತ್ತದೆ. ಆದರೂ ಫ್ಲೋರೈಡಿನ ಗುರುತು ಹೊತ್ತ ಕಾಸ್ಟ್ ಯಾವುದೂ ಇಲ್ಲ. ಫ್ಲೋರೈಡಿನ ಪುರಾವೆಯನ್ನು ನೀರು, ಮೂತ್ರ, ಹಲ್ಲು, ಮೂಳೆಗಳಲ್ಲೇ ಹುಡುಕಬೇಕು. ಕಾಸ್ಟ್ ಕಾಣದಿದ್ದರೆ ರೋಗವಿಲ್ಲವೆನ್ನುವುದೂ ತಪ್ಪು: ತೆಳುವಾದ, ಕ್ಷಾರೀಯವಾದ ಅಥವಾ ಹೊತ್ತು ಮೀರಿದ ಮೂತ್ರದಲ್ಲಿ ಅವು ಕರಗಿಬಿಡುತ್ತವೆ. ಬರಿಯ ಹಯಲಿನ್ ಕಾಸ್ಟ್ ಕಂಡವರಿಗೆ ‘ನೀರು ಚೆನ್ನಾಗಿ ಕುಡಿಯಿರಿ’ ಎನ್ನುವುದು ಸಾಮಾನ್ಯ ಸಲಹೆ. ಫ್ಲೋರೈಡ್ ಮಿತಿ ಮೀರಿದ ಊರಿನಲ್ಲಿ, ಶುದ್ಧ ನೀರಿನ ಘಟಕದ ಕ್ಯಾನ್ ಹೊಲದವರೆಗೆ ಹೋಗದಿದ್ದರೆ, ಆ ಸಲಹೆ ಪಾಲಿಸಿದವರು ಒಂದನ್ನು ಕರಗಿಸಿಕೊಂಡು ಇನ್ನೊಂದನ್ನು ಮೈಗೆ ತುಂಬಿಕೊಳ್ಳುತ್ತಾರೆ.