ಮೈಸೂರಿನ ಬಾನುಲಿಯಿಂದ ವಾದಿ ಕಬೀರಿನ ಸಂಜೆಯವರೆಗೆ

ಕೆಲಸ ಮುಗಿಸಿ ವಾದಿ ಕಬೀರಿನ ಮನೆ ಸೇರಿದೊಡನೆ ಟಿ.ವಿ. ಹಾಕಿ ಕೂರುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ಇದಕ್ಕೂ ಒಂದು ಚರಿತ್ರೆಯಿದೆ.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ಇಂಜಿನಿಯರರಲ್ಲ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು! ಮನಸ್ಸನ್ನು ಬಲ್ಲವರ ಕೈಯಲ್ಲಿ ನಮ್ಮ ನಾಡಿನ ರೇಡಿಯೋ ಹುಟ್ಟಿದ್ದು ವೈದ್ಯರಾದ ನಮಗೆ ಸಂತೋಷದ ಸಂಗತಿ.

ಮುಂದೆ 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು ಕೊಲ್ಲಿ ನಾಡುಗಳಿಗೆ ವಲಸೆ ಬಂದವರ ಜೀವನಾಡಿಯಾಯಿತು. ಅದರಲ್ಲಿ ಹಾಡಷ್ಟೇ ಅಲ್ಲ, ಊರಿನವರು ಮಾತನಾಡಿ ಕಳಿಸಿದ 'ಪತ್ರ'ಗಳೂ ಇರುತ್ತಿದ್ದವು. ಒಬ್ಬರಿಗೆ ಬಂದದ್ದನ್ನು ಕೋಣೆಯವರೆಲ್ಲ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. 1994ರಲ್ಲಿ ಉದಯ ಟಿ.ವಿ. ಬಂತು, ಡಿಶ್ ಇದ್ದವರ ಮನೆಯೇ ಎಲ್ಲರ ಮನೆಯಾಯಿತು.

ಆ ಮನರಂಜನೆಗೆ ಎರಡು ಗುಣಗಳಿದ್ದವು: ಕೂಡಿ ಕೇಳುವುದು, ಹೊತ್ತಿಗೆ ಮುಗಿಯುವುದು. ಕ್ಯಾಸೆಟ್ಟು ತೀರಿದರೆ ಮಾತು, ಮಾತು ತೀರಿದರೆ ನಿದ್ದೆ. ಇಂದಿನ ಮೊಬೈಲಿಗೆ ಮುಗಿತಾಯವೇ ಇಲ್ಲ. "ನಿದ್ದೆ ಬರೋಲ್ಲ ಡಾಕ್ಟ್ರೇ" ಎನ್ನುವವರನ್ನು ವಿಚಾರಿಸಿದರೆ, ಬೇಸರ ಕಳೆಯಲೆಂದು ನಡುರಾತ್ರಿಯವರೆಗೆ ಒಬ್ಬರೇ ನೋಡುತ್ತಿರುತ್ತಾರೆ. ನಿದ್ದೆಗೆಟ್ಟರೆ ಮರುದಿನ ಬೇಸರ ಇಮ್ಮಡಿ. ಉಪದೇಶಿಸುವ ನಾವೂ ಡ್ಯೂಟಿ ಮುಗಿಸಿ ಬಂದು ಹಾಗೆಯೇ ಮಾಡಿ, ಮನೆಯವರಿಂದ ಬೈಸಿಕೊಂಡಿದ್ದೇವೆ!

ಆದ್ದರಿಂದ ನಮ್ಮ ಚೀಟಿ ಇಷ್ಟೇ: ಹಾಡು ಕೇಳಿ, ಸಿನಿಮಾ ನೋಡಿ, ನಕ್ಕುಬಿಡಿ. ಆದರೆ ಮನೆಮಂದಿಯೊಂದಿಗೆ ನೋಡಿ; ಮಲಗುವ ಕೋಣೆಯ ಹೊರಗೇ ಮೊಬೈಲ್ ಬಿಡಿ. ಊರಿನ ಹಿರಿಯರಿಗೆ ಒಂದು ಕರೆ ಮಾಡಿ. ಆ ದನಿಗಿಂತ ಒಳ್ಳೆಯ ಕಾರ್ಯಕ್ರಮ ಯಾವ ಚಾನೆಲ್ಲಿನಲ್ಲೂ ಇಲ್ಲ.