ಚೌಕದೊಳಗಿನ ಕನ್ನಡ ಅಕ್ಷರ

ನಮ್ಮ ಕೋಸಗಿಯ ಕನ್ನಡ ಮಕ್ಕಳು ದಿನವೂ ಎರಡು ಲಿಪಿಗಳ ನಡುವೆ ನಡೆಯುತ್ತಾರೆ. ಕೈಯಲ್ಲಿರುವ ಪಾಠದ ಪುಸ್ತಕ ಕನ್ನಡದ್ದು. ಬೀದಿಯ ಫಲಕಗಳು ತೆಲುಗಿನವು. ಇವೆರಡೂ ಒಂದೇ ತಾಯಿಲಿಪಿಯ ಮಕ್ಕಳು. ಅನೇಕ ಅಕ್ಷರಗಳಲ್ಲಿ ತಲಕಟ್ಟೊಂದೇ ಮುಖ್ಯ ವ್ಯತ್ಯಾಸ. ಕನ್ನಡದ ತಲಕಟ್ಟು ಅಡ್ಡಗೆರೆಯಾಗಿ ಚಾಚಿಕೊಳ್ಳುತ್ತದೆ. ತೆಲುಗಿನದು ಓರೆಯಾಗಿ ಮೇಲೇರುತ್ತದೆ. ಇಷ್ಟು ಸೂಕ್ಷ್ಮವಾದ ಗೆರೆಗಳುಳ್ಳ ನಮ್ಮ ಲಿಪಿಯು ಯಂತ್ರದ ಚೌಕಗಳೊಳಗೆ ಹೊಕ್ಕಾಗ ಏನಾಯಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸುತ್ತೇವೆ.

ಎಲ್ಲ ಅಕ್ಷರಗಳಿಗೂ ಒಂದೇ ಅಗಲವೆಂಬ ನಿಯಮವನ್ನು ರೂಢಿಗೆ ತಂದದ್ದು ಬೆರಳಚ್ಚು ಯಂತ್ರ. ಅಮೆರಿಕದಲ್ಲಿ ರೆಮಿಂಗ್ಟನ್ ಸಂಸ್ಥೆಯು 1874ರಲ್ಲಿ ಮಾರಾಟಕ್ಕೆ ತಂದ ಯಂತ್ರದಲ್ಲಿ, ಯಾವ ಕೀಲಿಯನ್ನು ಒತ್ತಿದರೂ ಕಾಗದವು ಸರಿಯುವ ದೂರ ಒಂದೇ. ಇಂಗ್ಲಿಷಿನ ತೆಳ್ಳನೆಯ 'ಐ' ಅಕ್ಷರಕ್ಕೆ ಅಡಿಯಲ್ಲಿ ಪಾದ ಕಟ್ಟಿ, ದಪ್ಪನೆಯ 'ಎಂ' ಅಕ್ಷರವನ್ನು ಒತ್ತರಿಸಿ ಕೂರಿಸಿದರು. ಕನ್ನಡಕ್ಕೆ ಅಷ್ಟು ಸುಲಭದ ದಾರಿ ಇರಲಿಲ್ಲ. ಕೆ. ಅನಂತಸುಬ್ಬರಾವ್ ಅವರು ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದರು. ನೂರಾರು ಗುಣಿತಾಕ್ಷರ, ಒತ್ತಕ್ಷರಗಳನ್ನು ತುಂಡುಗಳಾಗಿ ಒಡೆದು, ಕೆಲವೇ ಕೀಲಿಗಳಿಗೆ ಹಂಚಿದ ಈ ಕೆಲಸ ಸಾಮಾನ್ಯವಾದುದಲ್ಲ.

ಅನಂತರ ಬಂದ ಗಣಕಯಂತ್ರವು ಇದೇ ನಿಯಮವನ್ನು ಚುಕ್ಕಿಗಳ ರೂಪದಲ್ಲಿ ಮುಂದುವರಿಸಿತು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಬಿಡಿಸುವುದನ್ನು ನೆನೆದರೆ ವಿಷಯ ತಿಳಿಯುವುದು. ಐಬಿಎಂ ಸಂಸ್ಥೆಯ 1981ರ ಗಣಕದ ಪರದೆಯಲ್ಲಿ 25 ಸಾಲುಗಳು. ಸಾಲಿಗೆ 80 ಅಕ್ಷರಗಳು. ಅದರ ಬಣ್ಣದ ಪರದೆಯಲ್ಲಿ ಒಂದೊಂದು ಅಕ್ಷರಕ್ಕೆ ಅಡ್ಡ 8, ಉದ್ದ 8 ಚುಕ್ಕಿಗಳ ಮನೆ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಂದು ಯಂತ್ರದ ನೆನಪಿನ ಶಕ್ತಿ ಬಹು ದುಬಾರಿ. 8 ಅಡ್ಡ, 16 ಉದ್ದದ ಮನೆಯಾದರೆ ಅಕ್ಷರವೊಂದಕ್ಕೆ 16 ಬೈಟು. 256 ಅಕ್ಷರಗಳಿಗೆ 4096 ಬೈಟು. ಬಡತನದಲ್ಲಿ ಸಂಸಾರ ತೂಗಿಸಿದಂತೆ ಅಂದಿನವರು ಚುಕ್ಕಿ ಎಣಿಸಿ ಅಕ್ಷರ ಬರೆದರು.

ಆದರೆ ಈ ಮನೆಯ ಅಳತೆ ನಮ್ಮದಾಗಿರಲಿಲ್ಲ. 'ದ'ಕಾರದ ಅಡಿಯಲ್ಲಿ ಸಣ್ಣದೊಂದು ಸೀಳು ಬಿದ್ದರೆ 'ಧ'ಕಾರ. ಚುಕ್ಕಿಗಳ ಲೆಕ್ಕದಲ್ಲಿ ಆ ಸೀಳಿಗೆ ದೊರೆಯುವುದು ಒಂದೋ ಎರಡೋ ಚುಕ್ಕಿ. ಅದು ಅಳಿದರೆ 'ಧನ'ವು 'ದನ'ವಾಗುವುದು! ತಲಕಟ್ಟಿನ ಒಂದು ಚುಕ್ಕಿ ಮೇಲೇರಿದರೆ ಕನ್ನಡದ ಅಕ್ಷರ ತೆಲುಗಿನದಾಗಿ ಕಾಣುವುದು. ಇನ್ನು 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ನೋಡಿರಿ. ತಕಾರದ ಒತ್ತು, ರಕಾರದ ಒತ್ತು, ದೀರ್ಘ, ಇಷ್ಟೂ 8 ಸಾಲುಗಳೊಳಗೆ ಎಲ್ಲಿ ನಿಲ್ಲಬೇಕು?

ಇದಕ್ಕೆ ನಮ್ಮ ದೇಶದಲ್ಲಿಯೇ ಪರಿಹಾರ ಹುಡುಕಿದರು. ಕಾನ್ಪುರದ ಐಐಟಿಯಲ್ಲಿ ಮೊದಲಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿ, ಗಣಕದಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸುವ 'ಜಿಸ್ಟ್' ಫಲಕವನ್ನು ನೀಡಿತು. ಕೆ. ಪಿ. ರಾವ್ ಅವರ ಕೀಲಿಮಣೆಯಲ್ಲಿ ಉಚ್ಚಾರದ ಕ್ರಮದಲ್ಲಿ ಕೀಲಿ ಒತ್ತಿದರೆ ಸಾಕು, ಒತ್ತಕ್ಷರವನ್ನು ಯಂತ್ರವೇ ಕೂಡಿಸುವುದು. 1991ರ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಅದರಂತೆ 'ಸ್ತ್ರೀ' ಎಂಬುದು ಆರು ಸಂಕೇತಗಳ ಸರಣಿ: ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ. ಅವುಗಳನ್ನು ಬೆಸೆದು ಒಂದು ರೂಪ ಕೊಡುವುದು ಅಕ್ಷರವಿನ್ಯಾಸದ ಹೊಣೆ.

ಇಂದು ಪರದೆಗಳು ನುಣುಪಾಗಿವೆ. ಆದರೂ ಹಳೆಯ ಚುಕ್ಕಿ ಅಕ್ಷರಗಳನ್ನು ಜನರು ಪ್ರೀತಿಯಿಂದ ಮತ್ತೆ ರಚಿಸುತ್ತಿದ್ದಾರೆ. ಗಣಕಕ್ಕೆ ಆದೇಶ ಬರೆಯುವವರಿಗೆ ಸಾಲುಗಳು ನೇರ ಕಂಬಗಳಂತೆ ಹೊಂದಿ ನಿಲ್ಲುವುದು ಅನುಕೂಲ. ರೋಮನ್ ಚಿಬೊರಾ ಎಂಬವರು 1998ರಲ್ಲಿ ಆರಂಭಿಸಿದ 'ಯೂನಿಫಾಂಟ್' ಇಂಥ ಒಂದು ವಿನ್ಯಾಸ. ಅದರ ಮನೆ 8 ಅಡ್ಡ 16 ಉದ್ದ, ಇಲ್ಲವೇ 16 ಅಡ್ಡ 16 ಉದ್ದ. ಅದರಲ್ಲಿ ಕನ್ನಡವೂ ಉಂಟು. ಆದರೆ ಸಂಕೇತಕ್ಕೊಂದೇ ರೂಪವಿರುವುದರಿಂದ ಒತ್ತಕ್ಷರಗಳು ಬೆಸೆಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಜಾಗ ದೊರೆತಿದೆ, ಕೂಡಿ ಬಾಳುವ ರೀತಿ ಇನ್ನೂ ದೊರೆತಿಲ್ಲ.

1953ರ ಅಕ್ಟೋಬರ್ 1ರಂದು ಆದೋನಿ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಅನ್ಯರು ಎಳೆದ ಗೆರೆಯೊಳಗೆ ಬದುಕುವುದೇನೆಂದು ನಮ್ಮ ಭಾಗದ ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಅಳತೆಯನ್ನು ದೂರಿ ಫಲವಿಲ್ಲ. ಅದರೊಳಗೂ ನಮ್ಮ ಅಕ್ಷರದ ಗುರುತು ಅಳಿಯದಂತೆ ನೋಡಿಕೊಳ್ಳಬೇಕು. ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ಅರಿಕೆ. ಗಣಿತದ ಚೌಕುಳಿ ಪುಸ್ತಕದಲ್ಲಿ ಅಡ್ಡ 16, ಉದ್ದ 16 ಮನೆಗಳನ್ನು ಗುರುತಿಸಿ, ಮಕ್ಕಳಿಂದ 'ದ', 'ಧ'ಗಳನ್ನು ತುಂಬಿಸಿರಿ. ಬಳಿಕ 'ಸ್ತ್ರೀ' ಬರೆಯಿಸಿರಿ. ಯಾವ ಚುಕ್ಕಿಯನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ಅವರೇ ವಾದಿಸಲಿ. ಸೀಳಿನ ಬೆಲೆಯನ್ನೂ ತಲಕಟ್ಟಿನ ಬೆಲೆಯನ್ನೂ ಅಂದು ಕಲಿತ ಮಗು ಮುಂದೆಂದೂ ಮರೆಯದು.