ಕೋಡಿಗೆ ಸ್ವಿಚ್ ಇಲ್ಲ

ಬೆಂಗಳೂರಿನ ದೊಡ್ಡ ವಿಲ್ಲಾಗಳಲ್ಲಿ ಈಗ ಒಂದು ಹೊಸ ಶೋಕಿ. ಮನೆ ಹಿಂದೆ ಈಜುಕೊಳ, ಅದಕ್ಕೆ ಅಂಟಿಕೊಂಡೇ ಸ್ವಲ್ಪ ಎತ್ತರದಲ್ಲಿ ಸ್ಪಾ ಅನ್ನೋ ಬಿಸಿನೀರಿನ ತೊಟ್ಟಿ. ಎರಡಕ್ಕೂ ಒಂದೇ ಪಂಪು, ಒಂದೇ ಫಿಲ್ಟರ್. ಸ್ಪಾ ತುಂಬಿ ಅಂಚಿನ ಮೇಲಿಂದ ಕೊಳಕ್ಕೆ ಚಂದವಾಗಿ ಧುಮುಕಬೇಕು ಅಂದ್ರೆ ವಾಲ್ವುಗಳನ್ನ ಒಂದು ಥರ ತಿರುಗಿಸಬೇಕು, ಸ್ಪಾದೊಳಗೆ ಮಾತ್ರ ಬಿಸಿನೀರು ಸುತ್ತಬೇಕು ಅಂದ್ರೆ ಇನ್ನೊಂದು ಥರ. ಯಾರು ಎದ್ದು ಹೋಗಿ ತಿರುಗಿಸ್ತಾರೆ? ಅದಕ್ಕೇ ವಾಲ್ವಿನ ತಲೆ ಮೇಲೆ 24 ವೋಲ್ಟಿನ ಪುಟ್ಟ ಮೋಟಾರು ಕೂರಿಸಿ ಫೋನಿನಿಂದ ಓಡಿಸ್ತಾರೆ. ಪಂಪು ನಿಂತಾಗ ಮೇಲಿನ ನೀರು ಪೈಪಿನಲ್ಲೇ ಹಿಂದಕ್ಕೆ ಇಳಿದು ಸ್ಪಾ ಖಾಲಿಯಾಗದಿರಲಿ ಅಂತ ಒಂದು ಚೆಕ್ ವಾಲ್ವ್ ಬೇರೆ. ಸಹೋದ್ಯೋಗಿಯೊಬ್ಬರು ತಮ್ಮ ಮನೆಯಲ್ಲಿ ಇದನ್ನೆಲ್ಲ ತೋರಿಸುವಾಗ ಕರೆಂಟ್ ಹೋಯ್ತು, ಜಲಪಾತ ನಿಂತಿತು. ವಿವರಣೆ ಮಾತ್ರ ನಿಲ್ಲಲಿಲ್ಲ.

ಮೇಲೊಂದು ನೀರಿನ ಪಾತ್ರೆ, ಕೆಳಗೊಂದು. ಮೇಲಿನದರಲ್ಲಿ ಹೆಚ್ಚಾದದ್ದು ಕೆಳಗಿನದಕ್ಕೆ ತಾನಾಗೇ ಹೋಗಬೇಕು. ಈ ಲೆಕ್ಕ ನಮ್ಮ ಕಡೆಯವರಿಗೆ ಹೊಸದಲ್ಲ. ನಮ್ಮೂರು ನೊಣವಿನಕೆರೆ, ತಿಪಟೂರಿಂದ ತುರುವೇಕೆರೆಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ಓದಿ ನೋಡಿ: ಅರಸೀಕೆರೆ, ತುರುವೇಕೆರೆ, ನೊಣವಿನಕೆರೆ. ಹೊರಗಿನವರಿಗೆ ಇದು ತೆಂಗಿನ ಸೀಮೆ, ಕೊಬ್ಬರಿ ಮಾರ್ಕೆಟ್ಟು. ಆದರೆ ಊರುಗಳಿಗೆ ಹೆಸರಿಟ್ಟವರಿಗೆ ಕಂಡದ್ದು ಕೆರೆ.

ಕೆರೆಗೆ ನೀರು ಹೊರಗೆ ಹೋಗೋ ಬಾಗಿಲು ಎರಡು. ಒಂದು ತೂಬು, ಇನ್ನೊಂದು ಕೋಡಿ. ನಗರದಲ್ಲಿ ಬೆಳೆದವರು ಎರಡನ್ನೂ ಒಂದೇ ಅಂದ್ಕೊಳ್ತಾರೆ, ನನ್ನ ಮಾತೆಲ್ಲ ಇವುಗಳ ವ್ಯತ್ಯಾಸದ ಮೇಲೇ ನಿಂತಿರೋದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ತೂಬು ಇರೋದು ಏರಿಯ ಬುಡದಲ್ಲಿ. ಹಳೇ ಕೆರೆಗಳಲ್ಲಿ ನೀರಿನ ನಡುವೆ ಎರಡು ಕಲ್ಲುಕಂಬ ನಿಂತಿರುತ್ತಲ್ಲ, ಅದೇ. ಕಂಬಗಳ ನಡುವೆ ಉದ್ದನೆಯ ಕೋಲು, ಕೋಲಿನ ತುದಿಗೆ ಬಿರಡೆ. ಬಿರಡೆ ಎತ್ತಿದರೆ ನೀರು ಏರಿಯ ಕೆಳಗಿನ ತೋಡಿನಿಂದ ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗುತ್ತೆ. ಎತ್ತೋಕೆ ಒಬ್ಬ ಮನುಷ್ಯ ಬೇಕು. ಕೋಡಿ ಇರೋದು ಏರಿಯ ಒಂದು ಕೊನೆಯಲ್ಲಿ. ಏರಿಗಿಂತ ತಗ್ಗಾಗಿ ಕಲ್ಲು ಹಾಸಿದ ಜಾಗ, ಅಷ್ಟೇ. ನೀರು ಆ ಕಲ್ಲಿನ ಮಟ್ಟ ಮುಟ್ಟಿದರೆ ಹರಿಯುತ್ತೆ, ಮುಟ್ಟದಿದ್ದರೆ ಇಲ್ಲ. ಸೆನ್ಸರ್, ಕಂಟ್ರೋಲರ್, ವಾಲ್ವ್ ಮೂರೂ ಸೇರಿ ಒಂದೇ ಕಲ್ಲು. ಕೋಡಿಯಿಂದ ಹರಿದದ್ದು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೋಡಿಯಿಂದ ಮುಂದಿನದಕ್ಕೆ. ಹೀಗೆ ಸರಣಿ.

ಈ ಸರಣಿ ಎಷ್ಟು ದಟ್ಟವಾಗಿತ್ತು ಅಂದ್ರೆ, 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ (ಸದಾಶಿವನಗರದ ಸ್ಯಾಂಕಿ ಕೆರೆಯ ಸ್ಯಾಂಕಿಯೇ) ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬಹಳ ಜಾಣತನ ಬೇಕು ಅನ್ನೋ ಅರ್ಥದಲ್ಲಿ ಬರೆದಿಟ್ಟರು. ಬ್ರಿಟಿಷ್ ಇಂಜಿನಿಯರೊಬ್ಬ ಇನ್ನು ಇಲ್ಲಿ ಕಟ್ಟೋಕೆ ಹೆಚ್ಚೇನೂ ಉಳಿದಿಲ್ಲ ಅಂತ ಒಪ್ಪಿಕೊಳ್ಳೋದು ಸಣ್ಣ ವಿಷಯವಲ್ಲ.

ಇಲ್ಲಿ ಒಂದು ಅಂಶ ನನ್ನನ್ನು ಬಹಳ ದಿನ ಕಾಡಿತು. ಕೋಡಿಯನ್ನು ಮನುಷ್ಯನಿಲ್ಲದೆ ನಡೆಯೋ ಹಾಗೆ ಮಾಡಿದ ಜನ, ತೂಬಿಗೆ ಮಾತ್ರ ಯಾಕೆ ಮನುಷ್ಯನನ್ನೇ ಇಟ್ಟರು? ಅವನ ಹೆಸರು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು, ಮೊದಲು ಕೆಳಗಿನ ಬಯಲಿಗಾ ಮೇಲಿನದಕ್ಕಾ, ಕೆರೆ ಅರ್ಧವೇ ತುಂಬಿದ ವರ್ಷ ಯಾರು ಭತ್ತ ಹಾಕಬೇಕು, ಯಾರು ರಾಗಿಗೆ ಸುಮ್ಮನಾಗಬೇಕು. ಊರಿನ ಹಿರಿಯರು ಕೂತು ತೀರ್ಮಾನಿಸಿದ್ದನ್ನ ರಾತ್ರಿ ಹಗಲು ನಿಂತು ನಡೆಸುತ್ತಿದ್ದವನು ಅವನು. ನನಗನ್ನಿಸೋದು ಇಷ್ಟು: ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಜಗಳ ಇಲ್ಲ, ತಗ್ಗಿಗೆ ಹೋಗಬೇಕು. ಅದನ್ನ ಕಲ್ಲಿಗೆ ಒಪ್ಪಿಸಬಹುದು. ಸಾಲದ ನೀರು ಯಾರಿಗೆ ಹೋಗಬೇಕು ಅನ್ನೋದರಲ್ಲಿ ಜಗಳ ಇದೆ. ಅದನ್ನ ಕಲ್ಲಿಗೆ ಒಪ್ಪಿಸೋಕೆ ಆಗಲ್ಲ.

ಹಾಗಂತ ನೀರುಗಂಟಿಯ ಕಾಲವನ್ನ ಹಾಡಿ ಹೊಗಳೋಕೂ ನನಗೆ ಮನಸ್ಸಿಲ್ಲ. ಆ ಕೆಲಸ ವಂಶಪಾರಂಪರ್ಯ, ಮಾಡುತ್ತಿದ್ದವರು ಬಹುಪಾಲು ದಲಿತರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಬೇಡಿ ತರಬೇಕಿತ್ತು. ಊರೆಲ್ಲರ ಗದ್ದೆಗೆ ನೀರು ಬಿಡುವವನಿಗೆ ಊರಿನ ಬಾವಿಯ ಹತ್ತಿರ ಹೋಗೋ ಹಕ್ಕಿರಲಿಲ್ಲ. 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಬಂದು ಶಾನುಭೋಗಿಕೆ, ಪಟೇಲಿಕೆಯಂಥ ವಂಶಪಾರಂಪರ್ಯ ಹುದ್ದೆಗಳ ಜೊತೆ ಇದೂ ಹೋಯ್ತು. ಹೋಗಬೇಕಾದದ್ದೇ. ಆದರೆ ಹುದ್ದೆಯನ್ನ ತೆಗೆದವರು ಕೆಲಸವನ್ನ ಯಾರು ಮಾಡಬೇಕು ಅಂತ ಸರಿಯಾಗಿ ಹೇಳಲಿಲ್ಲ. ತೂಬು ಅಲ್ಲೇ ಇತ್ತು, ಎತ್ತೋ ಕೈ ಇರಲಿಲ್ಲ.

ಕೋಡಿಯಲ್ಲೂ ಮನುಷ್ಯನ ಆಸೆ ಸುಮ್ಮನಿರಲಿಲ್ಲ ಅನ್ನಿ. ಮಳೆಗಾಲದ ಕೊನೆಯಲ್ಲಿ ಕೋಡಿ ಹರಿದು ಹೋಗೋ ನೀರು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಇನ್ನೆರಡು ಅಡಿ ನಿಂತಿದ್ದರೆ ಇನ್ನೊಂದು ಬೆಳೆ. ಅದಕ್ಕೆ ಕೋಡಿ ಮೇಲೆ ಸಾಲಾಗಿ ಕಲ್ಲು ನಿಲ್ಲಿಸಿ, ನಡುವೆ ಹುಲ್ಲುಹೆಂಟೆ, ಮಣ್ಣು ತುಂಬಿ ನೀರನ್ನ ತಡೆಯೋದು ಹಳೇ ಪದ್ಧತಿ. ದೊಡ್ಡ ಮಳೆ ಬರೋ ಮುಂಚೆ ಹೋಗಿ ಅದನ್ನ ಕಿತ್ತು ಹಾಕಬೇಕು. ಕಿತ್ತು ಹಾಕಬೇಕಾದವನು ಒಂದು ರಾತ್ರಿ ನಿದ್ದೆ ಮಾಡಿಬಿಟ್ಟರೆ ಏರಿ ಒಡೆಯುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆನ್‌ಕಾಲ್ ಡ್ಯೂಟಿ, ಬ್ಯಾಕಪ್ ಇಲ್ಲ.

ಇದೇ ಆಸೆ, ಇದೇ ಭಯ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲೂ ಇತ್ತು. ಆಗ ಅದಕ್ಕೆ ಫೈಫ್ ಕೆರೆ ಅಂತ ಹೆಸರು. ಬಾಂಬೆ ಪ್ರಾಂತ್ಯದ ನೌಕರಿಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು ಅಲ್ಲಿನ ಕೋಡಿಯ ಮೇಲೆ ತಾವಾಗೇ ತೆರೆದು ತಾವಾಗೇ ಮುಚ್ಚುವ ಬಾಗಿಲುಗಳನ್ನ ಕೂರಿಸಿದರು. ನೀರು ಹಳೇ ಕೋಡಿಗಿಂತ ಸುಮಾರು 8 ಅಡಿ ಹೆಚ್ಚು ನಿಲ್ಲುತ್ತಿತ್ತು. ಆ ಗುರುತು ದಾಟಿದ ನೀರು ಪಕ್ಕದ ಗುಂಡಿಗೆ ಇಳಿದು ಅಲ್ಲಿನ ತೂಕದ ಲೆಕ್ಕ ಬದಲಿಸುತ್ತೆ, ಬಾಗಿಲು ಮೇಲೇಳುತ್ತೆ. ಪ್ರವಾಹ ಇಳಿದರೆ ಮತ್ತೆ ಮುಚ್ಚುತ್ತೆ. ಮೋಟಾರಿಲ್ಲ, ಕಾವಲುಗಾರನಿಲ್ಲ. 1903ರಲ್ಲಿ ಈ ಏರ್ಪಾಡಿಗೆ ಅವರ ಹೆಸರಿನಲ್ಲಿ ಪೇಟೆಂಟ್ ಆಯ್ತು. ಪ್ರತಿ ಸೆಪ್ಟೆಂಬರ್ 15ಕ್ಕೆ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೋ ಸಂದೇಶಗಳಲ್ಲಿ ಸ್ವಯಂಚಾಲಿತ ಗೇಟು ಮೊದಲು ಬಂದದ್ದು ಕನ್ನಂಬಾಡಿಗೆ ಅಂತ ಇರುತ್ತೆ. ಕನ್ನಂಬಾಡಿಗೆ ಬಂದದ್ದು ನಿಜ, ಮೊದಲು ಅನ್ನೋದು ಸುಳ್ಳು. ಕನ್ನಂಬಾಡಿಯ ಕೆಲಸ ಶುರುವಾದದ್ದೇ 1911ರಲ್ಲಿ.

ಆದರೆ ನನಗೆ ವಿಶ್ವೇಶ್ವರಯ್ಯನವರ ಗೇಟಿಗಿಂತ ಇಷ್ಟವಾಗೋದು ನಮ್ಮ ಜಿಲ್ಲೆಯಲ್ಲೇ ಇರೋ ಇನ್ನೊಂದು ಏರ್ಪಾಡು. ಅದರ ಹೆಸರು ಇಂಜಿನಿಯರ್ಸ್ ಡೇ ದಿನ ಯಾರೂ ಎತ್ತಲ್ಲ. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿಯಲ್ಲಿ, ಶಿಂಷಾ ನದಿಗೆ ಅಡ್ಡಲಾಗಿ, ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ. ಅಲ್ಲಿ ಒಂದು ಜೋಡಿ ಸೈಫನ್‌ಗಳಿವೆ. ವಿನ್ಯಾಸ ಮೈಸೂರಿನ ಇಂಜಿನಿಯರ್ ವಿ. ಗಣೇಶ್ ಅಯ್ಯರ್ ಅವರದು. ಸಿವಿಲ್ ಓದಿದವರು ಪಠ್ಯಪುಸ್ತಕದಲ್ಲಿ ಗಣೇಶ್ ಅಯ್ಯರ್ ವೊಲ್ಯೂಟ್ ಸೈಫನ್ ಅಂತ ಚಿತ್ರ ಬರೆದು ಅಂಕ ತಗೊಂಡಿರ್ತಾರೆ. ಅದು ತುಮಕೂರು ಜಿಲ್ಲೆಯಲ್ಲಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತೋ.

ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯೋಕೆ ಪೈಪಿನ ಒಂದು ತುದಿ ಬಾಯಲ್ಲಿಟ್ಟು ಎಳೀತೀವಲ್ಲ, ಅದೇ ಸೈಫನ್. ಒಂದು ಸಲ ಪೈಪು ತುಂಬಿದರೆ ಮುಗೀತು, ದ್ರವ ತಾನೇ ತನ್ನನ್ನು ಎಳ್ಕೊಂಡು ಇಳಿಯುತ್ತೆ. ಸಮಸ್ಯೆ ಇರೋದು ಆ ಮೊದಲ ಎಳೆತದಲ್ಲಿ. ಅಣೆಕಟ್ಟೆಯ ಪೈಪಿಗೆ ಯಾರು ಬಾಯಿ ಇಡ್ತಾರೆ? ಗಣೇಶ್ ಅಯ್ಯರ್ ಮಾಡಿದ್ದು ಹೀಗೆ. ಜಲಾಶಯದೊಳಗೆ ನೆಟ್ಟಗೆ ನಿಂತ ದಪ್ಪ ಕೊಳವೆ, ಅದರ ಬಾಯಿ ಆಲಿಕೆಯ ಹಾಗೆ ಅಗಲ. ಆಲಿಕೆಯ ಅಂಚು ಜಲಾಶಯದ ತುಂಬು ಮಟ್ಟಕ್ಕೆ ಸರಿಯಾಗಿದೆ. ಮೇಲೆ ಗುಮ್ಮಟ ಮುಚ್ಚಿದೆ. ನೀರು ಅಂಚು ದಾಟಿ ಒಳಗೆ ಬೀಳೋಕೆ ಶುರುವಾದಾಗ ಆಲಿಕೆಯಲ್ಲಿರೋ ತಿರುಚಿದ ಅಲಗುಗಳು ಅದನ್ನ ಸುಳಿಯಾಗಿ ತಿರುಗಿಸುತ್ತವೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನ ಕೆಳಕ್ಕೆ ಎಳ್ಕೊಂಡು ಹೋಗುತ್ತೆ. ಗಾಳಿ ಖಾಲಿಯಾದ ಹಾಗೆ ನೀರು ನುಗ್ಗಿ ಕೊಳವೆ ಪೂರ್ತಿ ತುಂಬುತ್ತೆ. ಅಷ್ಟು ಹೊತ್ತು ತೆಳ್ಳಗೆ ಸುರಿಯುತ್ತಿದ್ದದ್ದು ಆಗ ಅಬ್ಬರಿಸಿ ಹೊರಡುತ್ತೆ. ಮಟ್ಟ ಇಳಿದಾಗ ಒಂದು ಸಣ್ಣ ನಳಿಕೆಯ ಬಾಯಿ ನೀರಿನಿಂದ ಹೊರಗೆ ಬಂದು ಗುಮ್ಮಟಕ್ಕೆ ಗಾಳಿ ಬಿಡುತ್ತೆ, ಸೈಫನ್ ನಿಲ್ಲುತ್ತೆ. ಅಲುಗಾಡೋ ಭಾಗ ಒಂದೂ ಇಲ್ಲ. ತುಕ್ಕು ಹಿಡಿದು ಸಿಕ್ಕಿಹಾಕಿಕೊಳ್ಳೋ ಗೇಟಿಲ್ಲ, ಎಣ್ಣೆ ಹಾಕೋ ಕೀಲಿಲ್ಲ. ಕೋಡಿಯ ಕಲ್ಲು ಓದಿ ಬರೆದು ಡಿಗ್ರಿ ತಗೊಂಡು ಬಂದ ಹಾಗಿದೆ.

ದೋಷ ಇಲ್ಲ ಅಂತಲ್ಲ. ಸೈಫನ್ನಿಗೆ ನಿಧಾನ ಗೊತ್ತಿಲ್ಲ, ಶುರುವಾದರೆ ಕೆಳಗಿನ ಹಳ್ಳಕ್ಕೆ ಒಮ್ಮೆಲೇ ನೀರು ನುಗ್ಗುತ್ತೆ. ಕಸಕಡ್ಡಿ ಸಿಕ್ಕಿಕೊಂಡರೂ ಕಷ್ಟ. ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇಂಥವನ್ನೇ ಸಾಲಾಗಿ ಹಾಕಿದ್ದರು. 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟೆಯೇ ಮುಳುಗಿತು. ಹಿನ್ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಸೈಫನ್‌ಗಳು ಮೇಲೆ ಬಂದು ನಿಲ್ತವೆ. ಜನ ಹೋಗಿ ಸೆಲ್ಫಿ ತಗೊಂಡು ಬರ್ತಾರೆ.

ಈಗ ನಮ್ಮ ಕಡೆ ನೀರಿನ ಆಟೋಮೇಶನ್ ಅಂದ್ರೆ ಏನು ಗೊತ್ತಾ? ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್. ತೋಟಕ್ಕೆ ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಬರುತ್ತೋ ಗೊತ್ತಿಲ್ಲ, ಹಾವು ಚೇಳಿನ ನಡುವೆ ಹೋಗಿ ಸ್ವಿಚ್ ಹಾಕೋಕೆ ಆಗಲ್ಲ. ಹಾಗಾಗಿ ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಶುರುವಾಗೋ ಹಾಗೆ ಒಂದು ಪೆಟ್ಟಿಗೆ. ಅದನ್ನ ಹಾಕಿಸಿದ ರೈತನ ಮೇಲೆ ನನಗೆ ದೂರಿಲ್ಲ. ಆದರೆ ಇಂಜಿನಿಯರ್ ಕಣ್ಣಿನಿಂದ ನೋಡಿ. ಕೋಡಿಯ ಕಲ್ಲಾಗಲೀ ಮಾರ್ಕೋನಹಳ್ಳಿಯ ಸೈಫನ್ನಾಗಲೀ ಅಳೆಯೋದು ನೀರನ್ನ. ಆಟೋ ಸ್ಟಾರ್ಟರ್ ಅಳೆಯೋದು ಕರೆಂಟನ್ನ. ಮಣ್ಣು ಒದ್ದೆಯಿದೆಯಾ, ಅಂತರ್ಜಲ ಎಷ್ಟಿದೆ, ಪಕ್ಕದ ತೋಟದ ಬೋರು ಒಣಗಿದೆಯಾ, ಯಾವುದೂ ಅದಕ್ಕೆ ಬೇಕಿಲ್ಲ. ಸಾವಿರ ತೋಟಗಳಲ್ಲಿ ಒಂದೇ ಗಳಿಗೆಗೆ ಮೋಟಾರು ಶುರು. ಕಳೆದ ದಶಕದ ಬರಗಳಲ್ಲಿ ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ಮರಗಳು ಸುಳಿ ಬಾಗಿ ನಿಂತದ್ದನ್ನ ಕಂಡವರಿಗೆ ಈ ಪೆಟ್ಟಿಗೆಯ ಮೇಲೆ ಅಷ್ಟು ಪ್ರೀತಿ ಬರಲ್ಲ.

ಕೋಡಿಯ ಸರಣಿಯ ಗತಿಯೂ ಅಷ್ಟೇ. ಕಲ್ಲು ಇದ್ದಲ್ಲೇ ಇದೆ, ಎರಡು ಕೆರೆಗಳ ನಡುವಿನ ಹಳ್ಳ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಐಟಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ನೆನಪಿದೆಯಾ? ಅಲ್ಲಿ ಮೇಲಿನ ಕೆರೆಗಳ ಕೋಡಿಗಳು ತಮ್ಮ ಕೆಲಸ ಸರಿಯಾಗೇ ಮಾಡಿದವು. ನೀರು ಬಂದ ದಾರಿಯಲ್ಲಿ ರಾಜಕಾಲುವೆ ಇರಬೇಕಾದ ಕಡೆ ಕಾಂಪೌಂಡಿತ್ತು. ಆ ದಿನ ಕೊಳ ಯಾವುದು, ಸ್ಪಾ ಯಾವುದು, ಡ್ರಾಯಿಂಗ್ ರೂಮ್ ಯಾವುದು ಅನ್ನೋ ಭೇದ ಇರಲಿಲ್ಲ.

ತೂಬಿನ ಕಥೆ ಇನ್ನೂ ಮುಂದಕ್ಕೆ ಹೋಗಿದೆ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳು ದೂರದ ಕಂಟ್ರೋಲ್ ರೂಮಿನ ಮಾತು ಕೇಳ್ತವೆ, ಹರಿವನ್ನ ಕಂಪ್ಯೂಟರ್ ಅಳೆಯುತ್ತೆ. ಆ ಕಾಲುವೆಯ ಆಧುನೀಕರಣವನ್ನ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿದರು. ಕೊನೆಯ ಹೊಲಕ್ಕೆ ನೀರು ಮುಟ್ಟೋದಾದರೆ ಒಳ್ಳೆಯದೇ, ರಾತ್ರಿ ಗೇಟು ಎತ್ತೋ ಬಲಾಢ್ಯರ ಕಾಟ ತಪ್ಪಿದರೆ ಇನ್ನೂ ಒಳ್ಳೆಯದು. ಆದರೆ ಆ ಗೇಟಿನ ಪ್ರೋಗ್ರಾಮಿನಲ್ಲಿ ಯಾವುದೋ ಒಂದು ಸಾಲು ಇರಲೇಬೇಕು: ನೀರು ಸಾಲದಿದ್ದರೆ ಮೊದಲು ಯಾರಿಗೆ. ಇಂಥ ಸಾಲುಗಳನ್ನ ಬರೆದೇ ಹೊಟ್ಟೆ ಹೊರೆಯೋ ನನಗೆ ಗೊತ್ತು, ಅದನ್ನ ಟೈಪ್ ಮಾಡುವವನು ತೀರ್ಮಾನಿಸಿರಲ್ಲ, ತೀರ್ಮಾನಿಸಿದವನು ಆ ಸಾಲನ್ನ ಓದಿರಲ್ಲ. ನೀರುಗಂಟಿಯನ್ನಾದರೂ ತೂಬಿನ ಹತ್ತಿರ ಹೋಗಿ ಕೇಳಬಹುದಿತ್ತು.

ನಮ್ಮ ಜಿಲ್ಲೆಯಲ್ಲಿ ಈ ಜಗಳ ಈಗ ಹೇಮಾವತಿಯದು. ಗೊರೂರಿನಿಂದ ಹೊರಟು ಬಾಗೂರು-ನವಿಲೆ ಸುರಂಗ ದಾಟಿ ಬರೋ ನಾಲೆಯ ನೀರನ್ನ ನಂಬಿ ಎಷ್ಟೋ ಕೆರೆಗಳಿವೆ. ಅದರಿಂದ ಗುಬ್ಬಿ ಕಡೆಯಲ್ಲೇ ಪೈಪು ಹಾಕಿ ಕುಣಿಗಲ್‌ಗೆ ನೇರ ಒಯ್ಯೋ ಎಕ್ಸ್‌ಪ್ರೆಸ್ ಕೆನಾಲ್ ಬೇಡ ಅಂತ 2025ರಲ್ಲಿ ರೈತರು ಬೀದಿಗಿಳಿದರು. ಕುಣಿಗಲ್‌ನವರು ನಮ್ಮ ಪಾಲು ನಮಗೆ ಮುಟ್ಟುತ್ತಿಲ್ಲ ಅಂತಾರೆ. ಇಬ್ಬರದ್ದೂ ಸುಳ್ಳಲ್ಲ.

ಮಳೆಗಾಲ ಬಂತೆಂದರೆ ಊರಿಂದ ಅಪ್ಪನ ಫೋನು. ‘ಗೊರೂರು ಎಷ್ಟಾಗೈತೆ, ನೆಟ್‌ನಾಗೆ ನೋಡ್ಲಾ.’ ಜಲಾಶಯಗಳ ಮಟ್ಟ ದಿನಾ ಪ್ರಕಟವಾಗುತ್ತೆ, ನೋಡಿ ಹೇಳ್ತೀನಿ: ತುಂಬು ಮಟ್ಟ 2,922 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಎಲ್ಲ ಕೇಳಿಸ್ಕೊಂಡು ಅಪ್ಪ ಕೇಳೋದು ಒಂದೇ. ‘ಅದಿರ್ಲಿ, ನಮ್ ಕೆರೆಗೆ ಯಾವಾಗ ಬಿಡ್ತಾರಂತೆ?’ ಆ ಕಾಲಮ್ಮು ಆ ಪಟ್ಟಿಯಲ್ಲಿಲ್ಲ.